ಕಂಡ ಅರ್ಥ, ಇಟ್ಟ ಅರ್ಥ



ನಮ್ಮ ಪ್ರಸಾದನಿಲಯದಲ್ಲಿದ್ದು ವ್ಯಾಸಂಗ ಮುಗಿಸಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ ಕಳೆದ ತಿಂಗಳು ಮಠಕ್ಕೆ ಬಂದಿದ್ದ. ಕುಶಲ ಸಂಭಾಷಣೆಯೆಲ್ಲ ಮುಗಿದ ಮೇಲೆ ಆತ ಸಂಕೋಚದಿಂದ, "ಬುದ್ಧಿ, ಒಂದು ಸಂದೇಹವಿದೆ. ವಿಷಯ ಮಾತ್ರ ಮಕ್ಕಳಾಟದಂತಿದೆ. ಕೇಳಬಹುದೆ?" ಎಂದ. "ಸಂದೇಹ ನಿಜವಾದುದಾದರೆ ವಿಷಯ ಸಣ್ಣದೆಂದು ನಾಚಬೇಕಾಗಿಲ್ಲ. ಹೇಳಪ್ಪಾ" ಎಂದೆವು.

ಆತ ಹೇಳಿದುದು ಇಷ್ಟು. ಜಪಾನು ದೇಶದ ಚಿತ್ರಕಥೆಯೊಂದನ್ನು ಆತನೂ ಆತನ ಸಹಪಾಠಿಯೊಬ್ಬನೂ ಹನ್ನೆರಡು ವರ್ಷಗಳಿಂದ ಓದಿಕೊಂಡು ಬಂದಿದ್ದಾರೆ. ಅದರಲ್ಲಿ ಹುದುಗಿರುವ ಸಂಕೇತಗಳನ್ನೂ ಮುಂದಾಗಲಿರುವುದರ ಸೂಚನೆಗಳನ್ನೂ ಹುಡುಕಿ ಚರ್ಚಿಸುವುದು ಅವರ ಪ್ರೀತಿಯ ಹವ್ಯಾಸ. ಕಥೆಯಲ್ಲಿ ಒಂದು ಮಹಾರಹಸ್ಯ ಬಯಲಾದಾಗ ಈತ, "ಕರ್ತೃ ಇದನ್ನು ಮೊದಲ ದಿನವೇ ಯೋಚಿಸಿ ಇಟ್ಟಿದ್ದ, ಗುರುತುಗಳೆಲ್ಲ ಅಲ್ಲಿವೆ" ಎಂದ. ಗೆಳೆಯನಾದರೋ, "ಇದು ಅನಂತರ ಹಚ್ಚಿದ ತೇಪೆ, ಗುರುತುಗಳನ್ನು ನೀನು ಕಲ್ಪಿಸಿಕೊಂಡಿದ್ದೀಯೆ" ಎಂದ. ಮಾತಿಗೆ ಮಾತು ಬೆಳೆಯಿತು. ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ ಇಬ್ಬರು ಈಗ ಎರಡು ವರ್ಷಗಳಿಂದ ಮಾತು ಬಿಟ್ಟಿದ್ದಾರೆ. "ನಮ್ಮಿಬ್ಬರಲ್ಲಿ ಯಾರದು ಸರಿ, ಬುದ್ಧಿ?" ಎಂಬುದು ಆತನ ಪ್ರಶ್ನೆ.

ಈ ಪತ್ರಿಕೆಯ ಪುಟಗಳಲ್ಲಿ ಇಂಥ ವಿಷಯವೇಕೆ ಎಂದು ಹಿರಿಯ ಓದುಗರು ಕೇಳಬಹುದು. ಚಿತ್ರಕಥೆ ನೆವಮಾತ್ರ. ಒಂದು ಕೃತಿಯಲ್ಲಿ ನಾವು ಕಾಣುವ ಅರ್ಥ ಅಲ್ಲಿ ಇದ್ದ ಅರ್ಥವೇ, ನಾವೇ ಹೊತ್ತುಕೊಂಡು ಹೋದ ಅರ್ಥವೇ ಎಂಬ ಪ್ರಶ್ನೆ ಗ್ರಂಥವೆಂಬುದು ಹುಟ್ಟಿದಂದಿನಿಂದಲೂ ಇದೆ. ಬೆಡಗಿನ ವಚನಗಳಿಗೆ ಬರೆದ ಟೀಕೆಗಳನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. ಆದುದರಿಂದ ಆ ತರುಣನಿಗೆ ನಾವು ಹೇಳಿದುದನ್ನೂ, ಆತ ಹೋದ ಮೇಲೆ ನಮಗೆ ಹೊಳೆದುದನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ವಿಷಯದ ಪರಿಚಯವಾಗಬೇಕು. ಜಪಾನಿನಲ್ಲಿ ಚಿತ್ರಕಥೆಗೆ ಮಾಂಗಾ ಎಂಬ ಹೆಸರು. ನಮ್ಮ ಯುವಕ ಓದುವ ಕೃತಿ 'ಒನ್ ಪೀಸ್'. ಇದರ ಕರ್ತೃ ಎಯಿಚಿರೊ ಓಡಾ, 1975ರಲ್ಲಿ ಕುಮಾಮೊಟೊದಲ್ಲಿ ಜನಿಸಿದವರು. 1997ರ ಜುಲೈ ತಿಂಗಳಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, 'ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ಈ ಕಥೆಯನ್ನು ಆರಂಭಿಸಿದರು. ಐದು ವರ್ಷಗಳಲ್ಲಿ ಮುಗಿಯಬಹುದೆಂದು ಮೊದಲು ಎಣಿಸಿದ್ದ ಕಥೆ ಕಾಲು ಶತಮಾನವನ್ನು ದಾಟಿ ನಡೆದಿದೆ. 2021ರಲ್ಲಿ ಇದರ 100ನೆಯ ಸಂಪುಟ ಪ್ರಕಟವಾಯಿತು. 2022ರ ವೇಳೆಗೆ ಜಗತ್ತಿನಲ್ಲಿ ಮುದ್ರಿತವಾದ ಪ್ರತಿಗಳ ಸಂಖ್ಯೆ 50 ಕೋಟಿಯನ್ನು ದಾಟಿತು. ಅಧ್ಯಾಯಗಳು 1,100ಕ್ಕೂ ಮೀರಿವೆ. ಲುಫಿ ಎಂಬ ಹುಡುಗ ಒಂದು ವಿಚಿತ್ರ ಹಣ್ಣನ್ನು ತಿಂದು ಮೈಯೆಲ್ಲ ರಬ್ಬರಿನಂತಾಗಿ, ಕಡಲ್ಗಳ್ಳರ ಅರಸನಾಗಬೇಕೆಂದು ಸಂಗಡಿಗರನ್ನು ಕಟ್ಟಿಕೊಂಡು ಹೊರಡುವುದು ಕಥೆಯ ತಿರುಳು.

ಮುಂದೆ ಬರುವ ಘಟನೆಗೆ ಹಿಂದೆಯೇ ಇಟ್ಟ ಸೂಚನೆಗೆ ಜಪಾನೀಯರು 'ಫುಕುಸೆನ್' ಎನ್ನುತ್ತಾರೆ. ಅಡಗಿ ಮಲಗಿದ ಎಳೆ ಎಂದು ಆ ಪದದ ಅರ್ಥ. ಅಂಥ ಎಳೆಗಳನ್ನು ಹುಡುಕಿ ಮುಂದೇನಾಗಬಹುದೆಂದು ಓದುಗರು ಮಾಡುವ ಊಹಾಪೋಹಕ್ಕೆ 'ಕೋಸತ್ಸು' ಎಂಬ ಹೆಸರಿದೆ. ನಮ್ಮ ನಾಟ್ಯಶಾಸ್ತ್ರಕಾರರಿಗೂ ಈ ಕಲ್ಪನೆ ಅಪರಿಚಿತವಲ್ಲ. ಆರಂಭದಲ್ಲಿ ಅಲ್ಪವಾಗಿ ತೋರಿ ಮುಂದೆ ಹಲವು ಬಗೆಯಾಗಿ ಹರಡುವುದನ್ನು ಅವರು ಬೀಜವೆಂದರು. ಆಡಿದ ಮಾತೊಂದು ಬರಲಿರುವ ಬೇರೊಂದನ್ನು ಸೂಚಿಸುವುದನ್ನು ಪತಾಕಾಸ್ಥಾನಕವೆಂದರು.

ಈ ಕಥೆಯಲ್ಲಿ ನಿಜವಾದ ಬೀಜವೆಂದು ಯಾರೂ ಒಪ್ಪುವಂಥದೊಂದನ್ನು ನೋಡೋಣ. 1999ರಲ್ಲಿ ಬಂದ ಅಧ್ಯಾಯಗಳಲ್ಲಿ ಲಬೂನ್ ಎಂಬ ತಿಮಿಂಗಿಲವಿದೆ. ತನ್ನನ್ನು ದಡದ ಬಳಿ ಬಿಟ್ಟು, ಮರಳಿ ಬರುವೆವೆಂದು ಮಾತುಕೊಟ್ಟು ಹೋದ ಗೆಳೆಯರಿಗಾಗಿ ಅದು 50 ವರ್ಷಗಳಿಂದ ಕಾಯುತ್ತಿದೆ. ಅವರಿರುವ ಕಡೆಗೆ ಅಡ್ಡವಾಗಿ ನಿಂತ ಬಂಡೆಗೆ ತಲೆಯನ್ನು ಚಚ್ಚಿಕೊಳ್ಳುತ್ತಿದೆ. ಅವರು ಹೆದರಿ ಓಡಿಹೋದರೆಂಬ ಸುದ್ದಿಯನ್ನು ಅದು ನಂಬಲೊಲ್ಲದು. ಕಥೆ ಮುಂದೆ ಸಾಗುತ್ತದೆ, ತಿಮಿಂಗಿಲ ಹಿಂದೆ ಉಳಿಯುತ್ತದೆ. ಏಳು ವರ್ಷಗಳಿಗೂ ಹೆಚ್ಚು ಕಾಲ ಕಳೆದು, 2007ರ ಅಧ್ಯಾಯಗಳಲ್ಲಿ, ಬ್ರೂಕ್ ಎಂಬ ಅಸ್ಥಿಪಂಜರರೂಪಿಯಾದ ಗಾಯಕ ಆ ಗೆಳೆಯರ ಗುಂಪಿನವನೆಂದು ತಿಳಿದುಬರುತ್ತದೆ. ಜೊತೆಗಾರರೆಲ್ಲ ಸತ್ತರೂ ಕೊಟ್ಟ ಮಾತನ್ನು ಆತ ಮರೆತಿಲ್ಲ. ಈ ಸ್ಥಳವನ್ನು ಹೇಳುವಾಗ ನಮ್ಮ ತರುಣನ ಕಣ್ಣು ತೇವವಾಯಿತು. ಇಲ್ಲಿ ಸೂಚನೆಯನ್ನು ಓದುಗ ಕಲ್ಪಿಸಿಕೊಳ್ಳಲಿಲ್ಲ. ಕೃತಿಯೇ ಒಂದು ಪ್ರಶ್ನೆಯನ್ನು ಬಾಗಿಲು ತೆರೆದಿಟ್ಟು ಹೋಗಿತ್ತು. ಕೃತಿಯೇ ಮರಳಿ ಬಂದು ಅದನ್ನು ಮುಚ್ಚಿತು.

ಗೆಳೆಯರಿಬ್ಬರ ಜಗಳ ಹುಟ್ಟಿದುದು ಇನ್ನೊಂದು ಸ್ಥಳದಲ್ಲಿ. 2022ರ ಮಾರ್ಚ್ ತಿಂಗಳಲ್ಲಿ ಬಂದ 1044ನೆಯ ಅಧ್ಯಾಯದಲ್ಲಿ, ಲುಫಿ ತಿಂದುದು ರಬ್ಬರಿನ ಹಣ್ಣಲ್ಲ, ಅದರ ನಿಜವಾದ ಹೆಸರನ್ನು ಮರೆಮಾಡಲಾಗಿತ್ತು, ಅದು ದಾಸರನ್ನು ಬಿಡುಗಡೆ ಮಾಡುವನೆಂದು ನಂಬಲಾದ ನಿಕಾ ಎಂಬ ಸೂರ್ಯದೇವನ ಹೆಸರಿನ ಹಣ್ಣು ಎಂದು ಹೇಳಲಾಯಿತು. ಆ ಕ್ಷಣವೇ ಓದುಗರು ಹಳೆಯ ಸಂಪುಟಗಳನ್ನು ತೆರೆದರು. ಸುಮಾರು 20 ವರ್ಷಗಳ ಹಿಂದಿನ ಆಕಾಶದ್ವೀಪದ ಪ್ರಸಂಗದಲ್ಲಿ ಬೆಂಕಿಯ ಮುಂದೆ ಕುಣಿಯುವ ಲುಫಿಯ ನೆರಳು ಆ ದೇವತೆಯ ನೆರಳನ್ನೇ ಹೋಲುತ್ತದೆಂದರು. ನಾಯಕನ ಹಡಗಿನ ಹೆಸರಿನಲ್ಲಿ ಸೂರ್ಯನಿದ್ದಾನೆ, ಅದರ ಮುಂಭಾಗದ ಸಿಂಹಮುಖದ ಕೇಸರ ಸೂರ್ಯನ ಕಿರಣಗಳಂತಿದೆ ಎಂದರು. ದಾಸ್ಯದಿಂದ ಪಾರಾದ ಮೀನುಮಾನವರು ಮೈಮೇಲಿನ ದಾಸ್ಯದ ಬರೆಯನ್ನು ಮುಚ್ಚಿ ಸೂರ್ಯನ ಮುದ್ರೆಯನ್ನು ಹಾಕಿಸಿಕೊಂಡುದನ್ನು ನೆನಪಿಸಿದರು. ಎದುರು ಪಕ್ಷದವರು, "ನಿಕಾ ಎಂಬ ಹೆಸರು ಮೊದಲು ಬಂದುದೇ 2021ರಲ್ಲಿ. ಸಾವಿರ ಅಧ್ಯಾಯಗಳವರೆಗೆ ಹೆಸರೆತ್ತದಿದ್ದುದನ್ನು ಮೊದಲೇ ಯೋಚಿಸಿದ್ದರೆಂದು ಹೇಗೆ ನಂಬುವುದು?" ಎಂದರು.

ಇದನ್ನು ನಿರ್ಣಯಿಸುವ ಬಗೆ ಹೇಗೆ? ನಮ್ಮ ಶಾಸ್ತ್ರಕಾರರು ಇಲ್ಲಿ ಎರಡು ಎಚ್ಚರಿಕೆಗಳನ್ನು ಕೊಟ್ಟಿದ್ದಾರೆ. ಕಾಗೆ ಬಂದು ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಒಂದೇ ಗಳಿಗೆಯಲ್ಲಿ ನಡೆದರೆ ಕಾಗೆಯಿಂದಲೇ ಹಣ್ಣು ಬಿತ್ತೆನ್ನಬಾರದು. ಇದು ಕಾಕತಾಲೀಯ ನ್ಯಾಯ. ಮರವನ್ನು ಕೊರೆಯುವ ಹುಳು ತಿನ್ನುತ್ತ ಹೋದ ದಾರಿ ಒಮ್ಮೊಮ್ಮೆ ಅಕ್ಷರದ ಆಕಾರವನ್ನು ತಾಳುತ್ತದೆ. ಅಷ್ಟರಿಂದ ಹುಳುವಿಗೆ ಬರಹ ಬರುತ್ತದೆನ್ನಲಾಗದು. ಇದು ಘುಣಾಕ್ಷರ ನ್ಯಾಯ. ಸುಮಾರು ಇಪ್ಪತ್ತು ಸಾವಿರ ಪುಟಗಳಷ್ಟು ಚಿತ್ರಗಳಿರುವ ಕೃತಿಯಲ್ಲಿ ಹುಡುಕಹೊರಟವನಿಗೆ ಯಾವ ಅಕ್ಷರವಾದರೂ ಸಿಕ್ಕೀತು. ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಹುಟ್ಟಿದುದು ಸುಮ್ಮನೆ ಅಲ್ಲ.

ಹಾಗೆಂದು ಎಲ್ಲ ಅರ್ಥವೂ ಹುಳುವಿನ ದಾರಿಯಲ್ಲ. ಒಂದು ಗ್ರಂಥದ ತಾತ್ಪರ್ಯವನ್ನು ಗೊತ್ತುಪಡಿಸಲು ಪೂರ್ವಿಕರು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿದ್ದಾರೆ: ಉಪಕ್ರಮೋಪಸಂಹಾರಗಳ ಏಕರೂಪತೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಆರನ್ನೂ ವಿವರಿಸಲು ಇಲ್ಲಿ ಎಡೆಯಿಲ್ಲ. ಎರಡು ಮೂರನ್ನು ನಮ್ಮ ವಿಷಯಕ್ಕೆ ಹಚ್ಚಿ ನೋಡಬಹುದು.

ಅಭ್ಯಾಸವೆಂದರೆ ಮತ್ತೆ ಮತ್ತೆ ಬರುವುದು. ಸೂರ್ಯ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತಾನೆ, ದಿಟ. ಆದರೆ ಸಮುದ್ರಯಾನದ ಕಥೆಯಲ್ಲಿ ಸೂರ್ಯ ಬಾರದೆ ಇನ್ನೇನು? ಬರಲೇಬೇಕಾದುದು ಬಂದರೆ ಅದು ಗುರುತಾಗದು. ಆಗ ಅಪೂರ್ವತೆಯನ್ನು ಕೇಳಬೇಕು. ಬೇರೆ ಯಾವ ಕಾರಣದಿಂದಲೂ ಅಲ್ಲಿಗೆ ಬಾರದಿದ್ದುದು ಬಂದಿದೆಯೆ ಎಂದು ನೋಡಬೇಕು. ಬಾನಿನ ಸೂರ್ಯ ಅಪೂರ್ವನಲ್ಲ. ದಾಸ್ಯದ ಬರೆಯ ಮೇಲೆ ಒತ್ತಿದ ಸೂರ್ಯನ ಮುದ್ರೆ ಅಪೂರ್ವವಾದುದು. ಹಕ್ಕಿಯನ್ನೋ ಅಲೆಯನ್ನೋ ಒತ್ತಬಹುದಾಗಿದ್ದಲ್ಲಿ ಕರ್ತೃ ಸೂರ್ಯನನ್ನು ಆರಿಸಿದರು. ಆ ಸೂರ್ಯನಿಗೂ ಬಿಡುಗಡೆಗೂ ಅಲ್ಲಿಯೇ ನಂಟು ಕಟ್ಟಿದರು. ಈ ರೀತಿ ತೂಗಿದಾಗ ತರುಣನ ಹತ್ತು ಗುರುತುಗಳಲ್ಲಿ ಎರಡು ಮೂರು ಉಳಿದವು, ಮಿಕ್ಕವು ಜೊಳ್ಳಾಗಿ ಹಾರಿಹೋದವು. ಅದನ್ನು ಆತ ನಗುತ್ತಲೇ ಒಪ್ಪಿಕೊಂಡ.

ಉಪಕ್ರಮ ಮತ್ತು ಉಪಸಂಹಾರಗಳ ಏಕರೂಪತೆಗೆ ಆತನೇ ಇನ್ನೊಂದು ಮಾಂಗಾದ ಉದಾಹರಣೆ ಕೊಟ್ಟ. ಹಾಜಿಮೆ ಇಸಾಯಾಮ ಎಂಬವರ 'ಅಟ್ಯಾಕ್ ಆನ್ ಟೈಟನ್' 2009ರಿಂದ 2021ರವರೆಗೆ ಮಾಸಪತ್ರಿಕೆಯೊಂದರಲ್ಲಿ ಬಂದು 139 ಅಧ್ಯಾಯಗಳಲ್ಲಿ ಮುಗಿದ ಕೃತಿ. ಅದರ ಮೊದಲ ಅಧ್ಯಾಯದ ಹೆಸರು ಎರಡು ಸಾವಿರ ವರ್ಷಗಳ ನಂತರದ ನಿನಗೆ ಎಂಬರ್ಥದ್ದು. ಅದು ಏಕೆಂದು ಯಾರಿಗೂ ತಿಳಿಯಲಿಲ್ಲ. 2019ರಲ್ಲಿ ಬಂದ 122ನೆಯ ಅಧ್ಯಾಯಕ್ಕೆ ಎರಡು ಸಾವಿರ ವರ್ಷಗಳ ಹಿಂದಿನ ನಿನ್ನಿಂದ ಎಂಬರ್ಥದ ಹೆಸರಿತ್ತು. ಮೊದಲ ಅಧ್ಯಾಯದಲ್ಲಿ ಬಾಲಕ ಎರೆನ್ ಮರದಡಿಯಲ್ಲಿ ದೀರ್ಘವಾದ ಕನಸನ್ನು ಕಂಡು ಕಣ್ಣೀರಿನೊಡನೆ ಎಚ್ಚರಗೊಳ್ಳುತ್ತಾನೆ. ಕೊನೆಯದಕ್ಕೆ ಹಿಂದಿನ ಅಧ್ಯಾಯದ ಹೆಸರೇ ದೀರ್ಘ ಕನಸು. ಇಲ್ಲಿ ತುದಿ ಮೊದಲುಗಳು ಒಂದನ್ನೊಂದು ಹಿಡಿದುಕೊಂಡಿವೆ. ಇದನ್ನು ಹುಳು ಕೊರೆದ ಅಕ್ಷರವೆನ್ನುವಂತಿಲ್ಲ. ಆದರೆ ಇದೇ ಕೃತಿಯ ಬಗೆಗೆ ಅಸಂಖ್ಯ ಓದುಗರು, ಇದೇ ಗುರುತುಗಳನ್ನು ಆಧರಿಸಿ, ಕಾಲಚಕ್ರವೇ ಮತ್ತೆ ಮೊದಲಿನಿಂದ ಸುತ್ತುತ್ತಿದೆ, ಕಥೆಯ ಕೊನೆ ಅದೇ ಎಂದು ಊಹಿಸಿದ್ದರು. ಕೊನೆ ಹಾಗಾಗಲಿಲ್ಲ. ಗುರುತುಗಳು ನಿಜವಾಗಿದ್ದವು, ಅವುಗಳಿಂದ ಕಟ್ಟಿದ ಮನೆ ಮಾತ್ರ ಓದುಗರದಾಗಿತ್ತು. ಗುರುತು ಸರಿಯಾದ ಮಾತ್ರಕ್ಕೆ ನಿರ್ಣಯವೂ ಸರಿಯಾಗಬೇಕೆಂದಿಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ. ನಮ್ಮ ತರುಣ ಓದಿಕೊಂಡವನು. "ಬುದ್ಧಿ, ಕೃತಿ ಹೊರಬಂದ ಮೇಲೆ ಕರ್ತೃವಿನ ಉದ್ದೇಶದ ಮಾತೇಕೆ? ಅರ್ಥ ಓದುಗನದೆಂದು ಪಾಶ್ಚಾತ್ಯರು ಹೇಳುತ್ತಾರಲ್ಲ?" ಎಂದು ಕೇಳಿದ. ಫ್ರಾನ್ಸಿನ ರೋಲಾಂ ಬಾರ್ತ್ 1960ರ ದಶಕದಲ್ಲಿ ಕರ್ತೃವಿನ ಮರಣವನ್ನೇ ಸಾರಿದುದನ್ನು ನಾವೂ ವಿಶ್ವವಿದ್ಯಾಲಯದಲ್ಲಿ ಓದಿದ್ದೇವೆ. ಆದರೆ ಮೀಮಾಂಸಕರು ಅದಕ್ಕಿಂತ ಬಹು ಹಿಂದೆ, ವೇದಕ್ಕೆ ಕರ್ತೃವೇ ಇಲ್ಲ, ಅದು ಅಪೌರುಷೇಯ ಎಂದಿದ್ದರು. ಕರ್ತೃವಿಲ್ಲದ ಗ್ರಂಥಕ್ಕೆ ಮನಬಂದ ಅರ್ಥ ಹೇಳಬಹುದೆಂದು ಅವರು ಭಾವಿಸಲಿಲ್ಲ. ಕೇಳಲು ಯಾರೂ ಇಲ್ಲವಾದುದರಿಂದಲೇ ಓದಿನ ನಿಯಮ ಮತ್ತಷ್ಟು ಬಿಗಿಯಾಗಿರಬೇಕೆಂದು ನ್ಯಾಯಗಳನ್ನು ಕಟ್ಟಿದರು. ಕರ್ತೃವನ್ನು ಬಿಟ್ಟರೂ ಓದುಗನಿಗೆ ಸ್ವೇಚ್ಛೆ ಸಲ್ಲದು.

ಹೀಗಿರುವಲ್ಲಿ ಗೆಳೆಯರು ಒಂದೇ ಪ್ರಶ್ನೆಯೆಂದು ತಿಳಿದು ಜಗಳವಾಡಿದುದು ವಾಸ್ತವವಾಗಿ ಎರಡು ಪ್ರಶ್ನೆಗಳು. ಕರ್ತೃ ಮೊದಲೇ ಯೋಚಿಸಿದ್ದರೆ ಎಂಬುದು ಒಂದು. ಅದು ನಡೆದುಹೋದ ಸಂಗತಿಯನ್ನು ಕುರಿತದ್ದು. ಅದಕ್ಕೆ ಕರ್ತೃವಿನ ಮಾತೋ ಟಿಪ್ಪಣಿಯೋ ಸಾಕ್ಷಿಯಾಗಬೇಕು. ಎಷ್ಟು ಪುಟ ತಿರುವಿದರೂ ಚಿತ್ರದಿಂದ ಅದು ಸಿದ್ಧವಾಗದು. ಹಳೆಯ ಚಿತ್ರವೂ ಹೊಸ ಅರ್ಥವೂ ಕೃತಿಯಲ್ಲಿ ಕೂಡಿಕೊಳ್ಳುತ್ತವೆಯೆ ಎಂಬುದು ಇನ್ನೊಂದು. ಇದನ್ನು ಕೃತಿಯಿಂದಲೇ ನಿರ್ಣಯಿಸಬಹುದು. ವಾರ ವಾರವೂ ಅಚ್ಚಾಗುವ ಕಥೆಯಲ್ಲಿ ಹಿಂದಿನ ಪುಟವನ್ನು ತಿದ್ದಿ ಬರೆಯುವ ಸ್ವಾತಂತ್ರ್ಯ ಕರ್ತೃವಿಗೆ ಇರುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ತಾನೇ ಬರೆದುದನ್ನು ಆತನೂ ಓದುಗನಂತೆ ಮರಳಿ ಓದುತ್ತಾನೆ. ಅಂದು ಬರಿಯ ಸಂತೋಷಕ್ಕೆ ಬರೆದ ಕುಣಿತ ಇಂದು ಬೀಜವಾಗಿ ಕಾಣಬಹುದು. ಅದನ್ನು ಎತ್ತಿಕೊಂಡು ಬೆಳೆಸಬಹುದು. ಹಿತ್ತಿಲಲ್ಲಿ ಬಿದ್ದ ಬೀಜ ತಾನಾಗಿ ಮೊಳೆತುದನ್ನು ಕಂಡು ಒಕ್ಕಲಿಗ ಅದಕ್ಕೆ ಪಾತಿ ಮಾಡಿ ನೀರೆರೆದರೆ, ಆ ಗಿಡ ಆತನದಲ್ಲವೆಂದು ಯಾರಾದರೂ ಹೇಳುವರೆ? ಮೊದಲೇ ಯೋಚಿಸಿದ್ದು ಹಿರಿದು, ಆಮೇಲೆ ಕಂಡುಕೊಂಡದ್ದು ಕಿರಿದು ಎಂಬ ಭಾವನೆಯೇ ಇಬ್ಬರ ಜಗಳಕ್ಕೂ ಬೇರು. ಆ ಬೇರು ಟೊಳ್ಳು.

ಇಲ್ಲಿಗೆ ಓದಿನ ವಿಚಾರ ಮುಗಿಯಿತು. ನೀತಿಯ ವಿಚಾರ ಈಗ ಮೊದಲಾಗುತ್ತದೆ.

ಊಹೆಯನ್ನು ನಾವು ಹಳಿಯುವುದಿಲ್ಲ. ಊಹಿಸುವ ಓದುಗ ಎಚ್ಚರದ ಓದುಗ. ಚಿತ್ರದ ಮೂಲೆಯಲ್ಲಿರುವ ಸಣ್ಣ ಗುರುತನ್ನೂ ಬಿಡದೆ ನೋಡುವ ಈ ತರುಣರ ಶ್ರದ್ಧೆಯಲ್ಲಿ ಕಾಲುಭಾಗ ನಮ್ಮ ಪಾಠಶಾಲೆಗಳಲ್ಲಿ ಕಂಡಿದ್ದರೆ ಧನ್ಯರಾಗುತ್ತಿದ್ದೆವು. ಆದರೆ ಊಹೆಗೆ ಮಮಕಾರ ಅಂಟಿಕೊಂಡಾಗ ಅದರ ಸ್ವಭಾವ ಬದಲಾಗುತ್ತದೆ. 'ಹೀಗಿರಬಹುದು' ಎಂಬುದು 'ಹೀಗೆಯೇ ಇದೆ' ಎಂದಾಗುತ್ತದೆ. ಅದು 'ಹೀಗಿರದಿದ್ದರೆ ನನಗೆ ಮೋಸವಾಯಿತು' ಎಂದು ಬೆಳೆಯುತ್ತದೆ. ಇಸಾಯಾಮ ಅವರ ಕಥೆ ಮುಗಿದಾಗ ಅನೇಕ ಓದುಗರು ಸಿಟ್ಟಾದರು. ಕಥೆಯ ದೋಷಕ್ಕೆ ಸಿಟ್ಟಾದವರೂ ಇದ್ದರು. ಅದು ವಿಮರ್ಶಕನ ಹಕ್ಕು. ತಾವು ಕಟ್ಟಿದ ಕೊನೆ ಬಾರದುದಕ್ಕೆ ಸಿಟ್ಟಾದವರೂ ಇದ್ದರು. ಈ ಎರಡನೆಯ ಸಿಟ್ಟಿಗೆ ಹಕ್ಕಿಲ್ಲ. ನಾವು ಕೇಳದೆ ಕಟ್ಟಿದ ಮನೆಗೆ ಇನ್ನೊಬ್ಬರು ಬಾಡಿಗೆ ಕೊಡಬೇಕೆಂದಂತಾಯಿತು ಅದು. 2022ರಲ್ಲಿ ನ್ಯೂಯಾರ್ಕಿನ ಒಂದು ಸಭೆಯಲ್ಲಿ ಆ ಕರ್ತೃ, ಕೊನೆಯನ್ನು ಬರೆಯುವುದು ತನಗೆ ಕಷ್ಟವಾಯಿತೆಂದು ಗದ್ಗದಿತರಾಗಿ ನುಡಿದಾಗ ಸೇರಿದ್ದ ಓದುಗರು ಚಪ್ಪಾಳೆ ತಟ್ಟಿ ಸಂತೈಸಿದರಂತೆ. ಅವರಲ್ಲಿ ಊಹೆ ಸುಳ್ಳಾದವರೂ ಇದ್ದಿರಬೇಕು. ಒಳ್ಳೆಯ ಓದುಗನ ಲಕ್ಷಣ ಅದು.

ಆದುದರಿಂದ ಊಹಿಸುವವನು ಮೊದಲೇ ತನಗೆ ತಾನು ಒಂದು ಮಾತು ಹೇಳಿಕೊಳ್ಳಬೇಕು: ಕಥೆಯಲ್ಲಿ ಏನು ಬಂದರೆ ನನ್ನ ಊಹೆ ತಪ್ಪಾದಂತೆ? ಇದಕ್ಕೆ ಉತ್ತರವಿಲ್ಲದ ಊಹೆ ಜ್ಞಾನದ ಜಾತಿಗೆ ಸೇರಿದುದಲ್ಲ. ಫಲಿಸಿದ ಒಂದನ್ನು ಹೇಳಿ ಮೆರೆಯುವಾಗ ಫಲಿಸದ ತೊಂಬತ್ತೊಂಬತ್ತನ್ನೂ ಎಣಿಸಬೇಕು. ಜಾತಕ ನೋಡುವವರ ಬಳಿಗೆ ಹೋಗುವ ಭಕ್ತರಿಗೂ ನಾವು ಇದೇ ಮಾತನ್ನು ಹೇಳುತ್ತ ಬಂದಿದ್ದೇವೆ.

ಇಷ್ಟು ಹೇಳಿ ತರುಣನನ್ನು ಕಳುಹಿಸಿದೆವು. ಆ ರಾತ್ರಿ ಪೂಜೆಯಾದ ಮೇಲೆ ನಮಗೆ ಬೇರೊಂದು ನೆನಪಾಯಿತು. ಕೆಲವು ವರ್ಷಗಳ ಹಿಂದೆ ರಸ್ತೆಯ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಮಠಕ್ಕೆ ಬಂದಿದ್ದರು. ಅವರು ಅಳುತ್ತಿದ್ದುದು ಮಗ ಹೋದನೆಂಬುದಕ್ಕಿಂತ ಹೆಚ್ಚಾಗಿ, ತನಗೆ ತಿಳಿಯದೆ ಹೋಯಿತಲ್ಲ ಎಂಬುದಕ್ಕೆ. "ಅವತ್ತು ಹೊರಡುವಾಗ ಹೊಸ್ತಿಲಲ್ಲಿ ಎರಡು ಸಲ ಹಿಂತಿರುಗಿ ನೋಡಿದ, ಬುದ್ಧಿ. ಎಂದೂ ಇಲ್ಲದ್ದು ತಲೆಯ ಮೇಲೆ ಕೈ ಇಡಮ್ಮ ಅಂದ. ಸೂಚನೆ ಕೊಟ್ಟೇ ಹೋದ. ನಾನು ಪಾಪಿ, ತಿಳಿಯಲಿಲ್ಲ" ಎಂದು ಮತ್ತೆ ಮತ್ತೆ ಹೇಳಿದರು. ಅಂದು ನಾವು ಅವರಿಗೆ ಹೇಳಿದ ಸಮಾಧಾನದ ಮಾತುಗಳು ನಾಲಗೆಯ ತುದಿಯವಾಗಿದ್ದವು. ಉತ್ತರ ಗೊತ್ತಿರಲಿಲ್ಲ. ಈ ಚಿತ್ರಕಥೆಯ ಮಾತಿನಿಂದ ಅದು ಈಗ ಸ್ವಲ್ಪ ಕಾಣುತ್ತಿದೆ.

ಆ ತಾಯಿ ಬದುಕನ್ನು ಕಥೆಯಂತೆ ಹಿಂದುಮುಂದಾಗಿ ಓದಿದರು. ಕೊನೆಯನ್ನು ತಿಳಿದವರು ಹಿಂದಿನ ಪುಟಕ್ಕೆ ಮರಳಿದರೆ ಪ್ರತಿಯೊಂದು ನೋಟವೂ ಸೂಚನೆಯಾಗಿಯೇ ಕಾಣುತ್ತದೆ. ಆ ಹುಡುಗ ಅದಕ್ಕೆ ಮುನ್ನ ಎಷ್ಟು ಸಲ ಹಿಂತಿರುಗಿ ನೋಡಿ ಸುಖವಾಗಿ ಮನೆಗೆ ಬಂದಿದ್ದನೋ ಅದನ್ನು ಯಾರೂ ಎಣಿಸಲಿಲ್ಲ. ಓದುಗನಿಗೆ ಪುಟವನ್ನು ಹಿಂದೆ ತಿರುವುವ ಸೌಕರ್ಯವಿದೆ, ಬದುಕುವವನಿಗೆ ಇಲ್ಲ. ಬದುಕುವವನು ಆ ದಿನದ ಪುಟವನ್ನು ಆ ದಿನದ ಬೆಳಕಿನಲ್ಲಿಯೇ ಓದಬೇಕು. ಆ ಬೆಳಕಿನಲ್ಲಿ ಕಾಣದುದನ್ನು ಕಾಣಲಿಲ್ಲವೆಂದು ತನ್ನನ್ನು ದಂಡಿಸಿಕೊಳ್ಳುವುದು ನ್ಯಾಯವಲ್ಲ. ಅಪರಾಧಕ್ಕೆ ಅರಿವು ಬೇಕು, ಅರಿಯಲಾಗದಿದ್ದುದು ಅಪರಾಧವಲ್ಲ.

"ಹಾಗಾದರೆ ಬದುಕಿಗೆ ಕರ್ತೃವಿಲ್ಲವೆ? ಸೂಚನೆಯಿಡುವವನಿಲ್ಲವೆ?" ಎಂದು ಭಕ್ತರು ಕೇಳಬಹುದು. ಇದ್ದಾನೆಂಬುದು ನಮ್ಮ ನಂಬುಗೆ. ಆದರೆ ಕರ್ತೃ ಇದ್ದಾನೆಂಬುದು ಬೇರೆ. ಆತನ ಎಳೆಗಳು ನಮಗೆ ತಿಳಿದಿವೆ ಎಂಬುದು ಬೇರೆ. 1999ರಲ್ಲಿ ಆ ತಿಮಿಂಗಿಲವನ್ನು ಕಂಡ ಓದುಗ 2007ರ ಅಧ್ಯಾಯವನ್ನು ತಿಳಿದಿರಲಿಲ್ಲ. ತಿಳಿಯದೆಯೇ ಆತ ಅದಕ್ಕಾಗಿ ಮರುಗಿದ. ಆತ ಮಾಡಬೇಕಾಗಿದ್ದುದೂ ಅಷ್ಟೆ. ನಮಗೆ ಸಿಕ್ಕಿರುವುದು ನಡುವಿನ ಅಧ್ಯಾಯ. ಉಪಸಂಹಾರವನ್ನು ಕಾಣದವನಿಗೆ ತಾತ್ಪರ್ಯವನ್ನು ಪೂರ್ಣವಾಗಿ ಹೇಳುವ ಅಧಿಕಾರವಿಲ್ಲ. ಇನ್ನೊಬ್ಬರ ದುಃಖವನ್ನು ಕಂಡು, ಇದು ಇಂಥ ಪಾಪದ ಫಲ, ಇದು ಇಂಥ ಸೂಚನೆ ಎಂದು ವಿವರಿಸಹೊರಡುವವರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ಅಲ್ಲಿ ನಮ್ಮಿಂದ ಬೇಕಾಗಿರುವುದು ಮರುಕವೇ ಹೊರತು ವ್ಯಾಖ್ಯಾನವಲ್ಲ.

ಆ ತಾಯಿ ಈಗಲೂ ಜಾತ್ರೆಯ ಕಾಲಕ್ಕೆ ಬರುತ್ತಾರೆ. ಈ ಸಲ ಬಂದಾಗ ಅವರಿಗೆ ನಾವು ಒಂದೇ ಮಾತನ್ನು ಹೇಳಬೇಕೆಂದಿದ್ದೇವೆ: "ತಾಯಿ, ಆತ ಹಿಂತಿರುಗಿ ನೋಡಿದುದು ಸೂಚನೆ ಕೊಡಲೆಂದಲ್ಲ, ನಿಮ್ಮನ್ನು ನೋಡಲೆಂದು. ತಲೆಯ ಮೇಲೆ ಕೈಯಿಡಿ ಎಂದ, ನೀವು ಇಟ್ಟಿರಿ. ಆ ದಿನದ ಪುಟದಲ್ಲಿದ್ದುದು ಅಷ್ಟು. ಅದನ್ನು ನೀವು ಸರಿಯಾಗಿಯೇ ಓದಿದಿರಿ."

ತರುಣನಿಗೆ ಕೊಟ್ಟ ಉತ್ತರವನ್ನೂ ಹೇಳಿ ಮುಗಿಸುತ್ತೇವೆ. "ನಮ್ಮಿಬ್ಬರಲ್ಲಿ ಯಾರದು ಸರಿ?" ಎಂದು ಆತ ಹೊರಡುವಾಗ ಮತ್ತೊಮ್ಮೆ ಕೇಳಿದ. "ಆ ಕಥೆ ಇನ್ನೂ ಮುಗಿದಿಲ್ಲವೆಂದು ನೀನೇ ಹೇಳಿದೆಯಪ್ಪಾ. ಮುಗಿಯುವವರೆಗೆ ಇಬ್ಬರೂ ಓದುಗರೇ. ಮಾತು ಕೊಟ್ಟ ಗೆಳೆಯರಿಗಾಗಿ ತಿಮಿಂಗಿಲ 50 ವರ್ಷ ಕಾದುದನ್ನು ಓದಿ ಕಣ್ಣೀರಿಟ್ಟವನು ನೀನು. ನಿನ್ನ ಗೆಳೆಯ ಎರಡು ವರ್ಷಗಳಿಂದ ಕಾಯುತ್ತಿರಬಹುದು. ಮೊದಲು ಅವನಿಗೆ ಒಂದು ಮಾತು ಆಡಿ ಬಾ" ಎಂದೆವು. ತಲೆ ತಗ್ಗಿಸಿ ನಮಸ್ಕರಿಸಿ ಹೋದ. ಮೊನ್ನೆ ದೂರವಾಣಿಯಲ್ಲಿ ಇಬ್ಬರ ಧ್ವನಿಯೂ ಕೇಳಿಸಿತು. ಮುಂದಿನ ಅಮಾವಾಸ್ಯೆಗೆ ಕೂಡಿಯೇ ಬರುವರಂತೆ. ಬರುವಾಗ ಹೊಸ ಊಹೆಯೊಂದನ್ನು ತರುವುದಾಗಿಯೂ ಹೇಳಿದ್ದಾರೆ. ಬರಲಿ, ಕೇಳೋಣ.